ಊರಿಗೆ ಒಯ್ಯುವ ತಿನಿಸು: ಪ್ರವಾಸದಲ್ಲಿ ಸಿಹಿ ಕೊಳ್ಳುವವರಿಗೆ ಕೆಲವು ಮಾತು

(ಕಲಬುರಗಿಯಲ್ಲಿ ಪ್ರವಾಸಾಸಕ್ತರ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಸಭೆಯಲ್ಲಿರುವ ಹಿರಿಯರೆ, ತಾಯಂದಿರೆ, ಗೆಳೆಯರೆ,

ಪರಊರಿಗೆ ಹೋಗಿ ಬಂದವರು ಬರಿಗೈಯಲ್ಲಿ ಹೊಸ್ತಿಲು ದಾಟಬಾರದೆಂಬುದು ನಮ್ಮ ಸೀಮೆಯಲ್ಲಿ ಯಾರೂ ಹೇಳಿಕೊಡದೆ ಎಲ್ಲರೂ ಕಲಿತುಕೊಂಡಿರುವ ನಡವಳಿಕೆ. ಹೋಳಿ ಹುಣ್ಣಿಮೆಯ ನಂತರ ನಡೆಯುವ ಶರಣಬಸವೇಶ್ವರರ ಜಾತ್ರೆಗೆ ಹಳ್ಳಿಗಳಿಂದ ಬಂದವರು ತೇರಿಗೆ ಕೈಮುಗಿದು, ಮರಳುವ ಮುನ್ನ ಚುರುಮುರಿ, ಬೆಂಡು, ಬತ್ತಾಸು, ಖಾರಾ ಕಟ್ಟಿಸಿಕೊಳ್ಳುತ್ತಾರೆ. ಆ ಫಳಾರದಲ್ಲಿ ಒಂದೊಂದು ಮುಷ್ಟಿ ಓಣಿಯ ಮನೆಮನೆಗೂ ಹೋಗುತ್ತದೆ. ಪಂಢರಪುರಕ್ಕೆ ಹೋದವರು ಪೇಢೆ ತರುತ್ತಾರೆ, ತಿರುಪತಿಗೆ ಹೋದವರು ತಂದ ಲಾಡು ಚಿಟಿಕೆ ಚಿಟಿಕೆಯಾಗಿ ಹಂಚಿಹೋಗುತ್ತದೆ, ಹೈದರಾಬಾದಿಗೆ ಹೋದವರ ಚೀಲದಲ್ಲಿ ಬಿಸ್ಕತ್ತಿನ ಡಬ್ಬಿ ಇದ್ದೇ ಇರುತ್ತದೆ. ಹೀಗೆ ತಂದು ಹಂಚುವ ತಿನಿಸಿನ ವಿಚಾರವನ್ನು ನಾನು ಇಂದು ಬಹಳ ಗಂಭೀರವಾಗಿಯೇ ಮಾತಾಡಬೇಕೆಂದಿದ್ದೇನೆ. ಏಕೆಂದರೆ ಅಷ್ಟು ಪ್ರೀತಿಯಿಂದ ತಂದದ್ದು ಮೂರನೆಯ ದಿನಕ್ಕೆ ಹುಳಿ ವಾಸನೆ ಬಂದು ಕಸದ ಡಬ್ಬಿ ಸೇರುವುದನ್ನು ನಾವೆಲ್ಲರೂ ನಮ್ಮ ನಮ್ಮ ಮನೆಗಳಲ್ಲಿ ಕಂಡಿದ್ದೇವೆ.

ನನ್ನ ಮುಖ್ಯ ಮಾತು ಇಷ್ಟು. ಪ್ರವಾಸದಲ್ಲಿ ತಿನಿಸು ಕೊಳ್ಳುವವರು ಅದರ ಹೆಸರು, ಬಣ್ಣ, ಡಬ್ಬಿಯ ಚಂದಗಳಿಗಿಂತ ಮೊದಲು ಅದರಲ್ಲಿ ಎಷ್ಟು ನೀರು ಉಳಿದಿದೆ ಎಂಬುದನ್ನು ನೋಡಬೇಕು. ಇದನ್ನು ತಿಳಿಯಲು ಯಾವ ಪ್ರಯೋಗಾಲಯವೂ ಬೇಡ, ನಮ್ಮ ಅಡುಗೆ ಮನೆಯ ಎರಡು ಹೋಳಿಗೆಗಳು ಸಾಕು. ಕಡಲೆಬೇಳೆಯ ಹೋಳಿಗೆಗೆ ಬೇಳೆಯನ್ನು ನೀರಿನಲ್ಲಿ ಕುದಿಸಿ, ಬೆಲ್ಲ ಸೇರಿಸಿ ರುಬ್ಬುತ್ತೇವೆ. ಎಷ್ಟೇ ಬಸಿದರೂ ಬೇಳೆಯ ಒಳಗೆ ನೀರು ಉಳಿಯುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ಆ ಹೋಳಿಗೆ ಮರುದಿನ ಸಂಜೆಗೇ ಅಂಟಂಟಾಗಿ ಹಳಸುತ್ತದೆ. ಶೇಂಗಾ ಹೋಳಿಗೆಯ ಹೂರಣಕ್ಕಾದರೋ ಶೇಂಗಾ ಹುರಿದು, ಸಿಪ್ಪೆ ಹಾರಿಸಿ, ಬೆಲ್ಲದ ಜೊತೆ ಪುಡಿಮಾಡುತ್ತೇವೆ; ಕುದಿಸುವ ಮಾತೇ ಇಲ್ಲ. ತೆಳ್ಳಗೆ ಲಟ್ಟಿಸಿ, ಹಂಚಿನ ಮೇಲೆ ಸಣ್ಣ ಉರಿಯಲ್ಲಿ ಬೇಯಿಸಿ, ಚೆನ್ನಾಗಿ ಆರಿಸಿದ ಶೇಂಗಾ ಹೋಳಿಗೆ ವಾರ ಕಳೆದರೂ ಕೆಡುವುದಿಲ್ಲ. ಎರಡರಲ್ಲೂ ಬೆಲ್ಲ ಉಂಟು, ಎರಡೂ ಒಂದೇ ಹಂಚಿನ ಮೇಲೆ ಬೆಂದವು. ಒಂದು ಬಸ್ಸು ಹತ್ತಿ ಬೆಂಗಳೂರಿಗೆ ಹೋಗಿ ಹಾಸ್ಟೆಲಿನ ಮಕ್ಕಳ ಕಪಾಟಿನಲ್ಲಿ ಬಾಳಿಕೆ ಬರುತ್ತದೆ, ಇನ್ನೊಂದನ್ನು ಮಾಡಿದ ಮನೆಯಲ್ಲಿಯೇ ಉಣ್ಣಬೇಕು.

ನಾಡಿನ ಹೆಸರಾಂತ ಸಿಹಿಗಳನ್ನು ಈ ಕಣ್ಣಿನಿಂದ ನೋಡಿದರೆ ಅವುಗಳಲ್ಲಿ ಹಲವು ಏಕೆ ಊರೂರು ಸುತ್ತಿ ಹೆಸರು ಮಾಡಿದವೆಂಬುದು ತಿಳಿಯುತ್ತದೆ. ಧಾರವಾಡ ಪೇಢೆಯನ್ನೇ ತೆಗೆದುಕೊಳ್ಳಿ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ವಲಸೆ ಬಂದ ಠಾಕೂರ್ ಮನೆತನದವರು ಧಾರವಾಡದಲ್ಲಿ ಇದನ್ನು ಆರಂಭಿಸಿದರೆಂಬುದು ಎಲ್ಲರೂ ಬಲ್ಲ ಸಂಗತಿ. ಇಂದು ಅದಕ್ಕೆ ಭೌಗೋಳಿಕ ಸೂಚಕದ, ಅಂದರೆ ಇದು ಇಂಥ ಊರಿನದೇ ಎಂಬ ಅಧಿಕೃತ ಗುರುತಿನ ಮನ್ನಣೆಯೂ ಇದೆ. ಸಾಮಾನ್ಯ ಬಿಳಿ ಪೇಢೆಗೂ ಇದಕ್ಕೂ ಇರುವ ಅಂತರ ಹುರಿಯುವುದರಲ್ಲಿದೆ. ಹಾಲನ್ನು ಖೋವಾ ಮಾಡಿದ ಮೇಲೂ ಬಿಡದೆ, ಸಕ್ಕರೆ ಸೇರಿಸಿ, ಕಂದು ಬಣ್ಣ ತಿರುಗುವವರೆಗೆ ಬಾಣಲೆಯಲ್ಲಿ ಕೈಯಾಡಿಸುತ್ತಾ ಹುರಿಯುತ್ತಾರೆ, ಕೊನೆಗೆ ಉಂಡೆ ಕಟ್ಟಿ ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಆ ದೀರ್ಘ ಹುರಿತದಲ್ಲಿ ನೀರು ಆರುತ್ತದೆ, ರುಚಿ ಗಟ್ಟಿಯಾಗುತ್ತದೆ. ಒಂದು ಪೇಢೆಯನ್ನು ಬೆರಳುಗಳ ನಡುವೆ ಮುರಿದು ನೋಡಿ: ಹೊಸದಾದರೆ ಒಳಗೆ ಸಣ್ಣ ಹರಳು ಹರಳಾಗಿ ಉದುರುತ್ತದೆ, ಹುರಿದ ಹಾಲಿನ ಘಮ ಬರುತ್ತದೆ, ಹೊರಗಿನ ಸಕ್ಕರೆ ಬಿಡಿಬಿಡಿಯಾಗಿರುತ್ತದೆ. ಹಳತಾದರೆ ಹೊರಗಿನ ಸಕ್ಕರೆ ಕರಗಿ ಪದರವಾಗಿ ಗಟ್ಟಿಯಾಗಿರುತ್ತದೆ, ಮುರಿದಾಗ ತುಪ್ಪದ ಹಳಸಲು ವಾಸನೆ ಮೂಗಿಗೆ ಮೊದಲು ತಾಗುತ್ತದೆ. ಅಂಗಡಿಯವರು ಒಂದು ಪೇಢೆಯನ್ನು ರುಚಿಗೆ ಕೊಡುವುದು ಧಾರವಾಡದಲ್ಲಿ ಹೊಸದೇನಲ್ಲ. ಕೇಳಲು ಸಂಕೋಚ ಬೇಡ.

ಬೆಳಗಾವಿಯ ಕುಂದಾ ಕೂಡ ಹಾಲನ್ನೇ ಬತ್ತಿಸಿ ಮಾಡಿದ್ದು, ಬಣ್ಣವೂ ಕಂದು. ಆದರೆ ಅದು ಮೃದು, ಹಸಿ, ಚಮಚದಿಂದ ತಿನ್ನುವಂಥದ್ದು. ಪೇಢೆಯ ಬಾಳಿಕೆಯನ್ನು ಅದರಿಂದ ಬಯಸಬಾರದು. ಬೆಳಗಾವಿಯಿಂದ ರಾತ್ರಿ ಬಸ್ಸಿಗೆ ಹೊರಡುವವರು ಸಂಜೆ ಕೊಂಡು, ಬೆಳಿಗ್ಗೆ ಮನೆ ಮುಟ್ಟಿದೊಡನೆ ಫ್ರಿಜ್ಜಿನಲ್ಲಿಟ್ಟರೆ ಅದರ ಸವಿ ಉಳಿಯುತ್ತದೆ. ಅದನ್ನು ಕೊಂಡು ಇನ್ನೂ ಗೋವಾ ಸುತ್ತಿ ಬರುತ್ತೇವೆನ್ನುವವರು ಕುಂದಾವನ್ನು ಬೆಳಗಾವಿಯಲ್ಲಿಯೇ ಕುಳಿತು ತಿಂದು, ಊರಿಗೆ ಬೇರೆ ಏನನ್ನಾದರೂ ಒಯ್ಯುವುದು ಲೇಸು.

ಹಾಗೆ ಒಯ್ಯಲು ಕರದಂಟಿಗಿಂತ ಉತ್ತಮವಾದದ್ದು ನನಗೆ ತಿಳಿದಿಲ್ಲ. ಗೋಕಾಕದ ಕರದಂಟು, ಅಮೀನಗಡದ ಕರದಂಟು ಎಂದು ಎರಡು ಊರುಗಳು ಈ ಹೆಸರಿನಿಂದ ಪ್ರಸಿದ್ಧವಾಗಿವೆ; ಯಾವುದು ಮೇಲು ಎಂಬ ವಾದದಲ್ಲಿ ನಾನು ಇಳಿಯುವುದಿಲ್ಲ. ತುಪ್ಪದಲ್ಲಿ ಕರಿದಾಗ ಅರಳಿನಂತೆ ಉಬ್ಬುವ ಅಂಟು, ತುರಿದ ಅಥವಾ ಸೀಳಿದ ಒಣ ಕೊಬ್ಬರಿ, ಉತ್ತತ್ತಿ, ಗೋಡಂಬಿ, ಬಾದಾಮಿ ಇವೆಲ್ಲವನ್ನೂ ಬೆಲ್ಲದ ಪಾಕ ಹಿಡಿದು ನಿಲ್ಲಿಸುತ್ತದೆ. ಇದರಲ್ಲಿ ಹಸಿ ಎನ್ನುವ ಪದಾರ್ಥ ಒಂದೂ ಇಲ್ಲ. ಬಾಣಂತಿಯರಿಗೆ ಅಂಟಿನುಂಡಿ ಕಟ್ಟಿಡುವ ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಈ ಗುಟ್ಟು ಮೊದಲೇ ಗೊತ್ತು. ಆದರೆ ನೀರಿಲ್ಲದ ತಿನಿಸಿಗೆ ಇನ್ನೊಂದು ಅಪಾಯ ಉಂಟು, ಅದು ಎಣ್ಣೆಯದು. ಗಾಳಿ, ಬೆಳಕು, ಬಿಸಿಲು ತಾಗಿದ ಎಣ್ಣೆಯಂಶ ದಿನ ಕಳೆದಂತೆ ಕಮಟಾಗುತ್ತದೆ. ಕರದಂಟಿನಲ್ಲಿ ಮೊದಲು ಕಮಟಾಗುವುದು ಕೊಬ್ಬರಿ. ಆದ್ದರಿಂದ ರುಚಿಗೆ ಕೊಟ್ಟ ತುಣುಕಿನಲ್ಲಿ ಬಾದಾಮಿಯನ್ನಲ್ಲ, ಕೊಬ್ಬರಿಯ ಸೀಳನ್ನು ಬೇರೆ ಮಾಡಿ ಅಗಿದು ನೋಡಿರಿ; ಅದು ಸಿಹಿಯಾಗಿದ್ದರೆ ಇಡೀ ಹಲಗೆ ಹೊಸದು. ಕೊಬ್ಬರಿಯ ಮಾತು ಬಂದದ್ದರಿಂದ ಇನ್ನೊಂದನ್ನು ಇಲ್ಲಿಯೇ ಹೇಳಿಬಿಡುತ್ತೇನೆ: ಇಡಿಯಾದ ಒಣ ಕೊಬ್ಬರಿಯನ್ನು ವಿಮಾನದ ಸಾಮಾನಿನಲ್ಲಿ ಒಯ್ಯಲು ಬಿಡುವುದಿಲ್ಲ, ಅದರ ಎಣ್ಣೆ ಬೇಗ ಹೊತ್ತಿಕೊಳ್ಳುವಂಥದ್ದೆಂಬುದೇ ಕಾರಣ.

ಮೈಸೂರು ಪಾಕಿನಲ್ಲಿ ಎರಡು ಬಗೆಯುಂಟು. ಅರಮನೆಯ ಅಡುಗೆಯ ಕಾಕಾಸುರ ಮಾದಪ್ಪನವರು ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಇದನ್ನು ಮಾಡಿದರೆಂದು ಮೈಸೂರಿನವರು ಹೇಳುತ್ತಾರೆ. ಗೂಡು ಗೂಡಾಗಿ, ನಡುವೆ ಕೆಂಪೇರಿ, ಕಚ್ಚಿದರೆ ಕರಕರ ಎನ್ನುವ ಹಳೆಯ ಬಗೆ ಪ್ರಯಾಣಕ್ಕೆ ತಕ್ಕುದು. ತುಪ್ಪ ಒಸರುವ, ಬಾಯಲ್ಲಿಟ್ಟರೆ ಕರಗುವ ಮೃದು ಬಗೆ ತಿನ್ನಲು ಸೊಗಸು, ಆದರೆ ಏಪ್ರಿಲ್ ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಬಿಸಿಲಿಗೆ ಅದು ಬಂದಿಳಿದಾಗ ಡಬ್ಬಿಯ ತಳದಲ್ಲಿ ತುಪ್ಪ, ಮೇಲೆ ಹಿಟ್ಟು ಉಳಿದಿರುತ್ತದೆ.

ಪದರ ಪದರವಾಗಿ ಬಿಚ್ಚಿಕೊಳ್ಳುವ ತಿನಿಸುಗಳದ್ದು ಬೇರೆಯೇ ಕಷ್ಟ. ಚಿರೋಟಿ, ಬೆಳಗಾವಿಯ ಮಂಡಿಗೆ, ಆಂಧ್ರದ ಆತ್ರೇಯಪುರದ ಪೂತರೇಕುಲು ಇವು ಕೆಡುವುದಕ್ಕಿಂತ ಮೊದಲು ಮುರಿಯುತ್ತವೆ. ಪೂತರೇಕುಲುವಿನ ಅಕ್ಕಿಯ ಹಾಳೆ ಕಾಗದಕ್ಕಿಂತ ತೆಳುವು, ಒಳಗೆ ಸಕ್ಕರೆ ಅಥವಾ ಬೆಲ್ಲದ ಪುಡಿ ಮತ್ತು ತುಪ್ಪ. 2023ರಲ್ಲಿ ಅದಕ್ಕೂ ಭೌಗೋಳಿಕ ಸೂಚಕ ದೊರೆಯಿತು. ಇಂಥವನ್ನು ಕೊಳ್ಳುವವರು ರಟ್ಟಿನ ಡಬ್ಬಿಯನ್ನು ನಂಬದೆ ಮನೆಯಿಂದಲೇ ಒಂದು ಅಗಲ ಬಾಯಿಯ ಸ್ಟೀಲ್ ಡಬ್ಬಿ ಒಯ್ದಿರಬೇಕು, ಅದನ್ನು ಚೀಲದ ತಳದಲ್ಲಲ್ಲ, ಬಟ್ಟೆಗಳ ನಡುವೆ ಇಡಬೇಕು. ಹೈದರಾಬಾದಿನ ಉಸ್ಮಾನಿಯಾ ಬಿಸ್ಕತ್ತಿಗೂ ಇದೇ ಮಾತು. ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರ ಹೆಸರಿನ ಈ ಬಿಸ್ಕತ್ತು ನಮಗೆ ಪರಕೀಯವಲ್ಲ; 1948ರವರೆಗೆ ಕಲಬುರಗಿ, ಬೀದರ್, ಯಾದಗಿರಿಗಳು ಅದೇ ಸಂಸ್ಥಾನದಲ್ಲಿದ್ದವು, ನಮ್ಮ ಬೇಕರಿಗಳ ಖಾರಿ, ನಾನ್‌ಖಟಾಯಿಗಳಲ್ಲಿ ಆ ನಂಟು ಇಂದಿಗೂ ಇದೆ. ಬೆಣ್ಣೆ ಹೆಚ್ಚಿರುವ ಈ ಬಿಸ್ಕತ್ತು ಮಳೆಗಾಲದ ಗಾಳಿಯಲ್ಲಿ ಒಂದು ರಾತ್ರಿಗೇ ಮೆತ್ತಗಾಗುತ್ತದೆ, ಆದ್ದರಿಂದ ಮುಚ್ಚಳ ಬಿಗಿಯಾಗಿರುವ ಡಬ್ಬಿಯೇ ಬೇಕು.

ಇನ್ನು ಕೊಳ್ಳುವ ಕ್ರಮ. ಮೊದಲನೆಯ ದಿನವೇ ಸಿಹಿ ಕೊಂಡು ಚೀಲದಲ್ಲಿಟ್ಟುಕೊಂಡು ಊರೂರು ತಿರುಗುವ ಅಭ್ಯಾಸ ನಮ್ಮಲ್ಲಿ ಬಹಳ. ಬಸ್ಸಿನ ಮೇಲಿನ ಹಲಗೆಯ ಮೇಲೆ, ಕಿಟಕಿಯ ಬಿಸಿಲಿನಲ್ಲಿ, ವಸತಿಗೃಹದ ಮೂಲೆಯಲ್ಲಿ ಕಳೆದ ಪ್ರತಿಯೊಂದು ದಿನವೂ ಮನೆಯವರ ಪಾಲಿನಿಂದ ಕಡಿತವಾದ ದಿನವೇ. ಮೊದಲ ದಿನ ಅಂಗಡಿ ನೋಡಿ, ರುಚಿ ನೋಡಿ, ಬೆಲೆ ಕೇಳಿ. ಹೊರಡುವ ದಿನ ಕೊಳ್ಳಿ. ಒಂದು ಹೆಸರಿನ ಹತ್ತು ಬೋರ್ಡುಗಳು ಸಾಲಾಗಿ ನಿಂತಿರುವ ಬೀದಿಯಲ್ಲಿ ಬೋರ್ಡು ಓದುವುದಕ್ಕಿಂತ ಗಿರಾಕಿಗಳನ್ನು ನೋಡುವುದು ಒಳ್ಳೆಯದು: ಪ್ರವಾಸಿಗಳ ವಾಹನಗಳು ನಿಲ್ಲುವ ಅಂಗಡಿಗಿಂತ, ಆ ಊರಿನವರೇ ಮನೆಯ ಮಟ್ಟಿಗೆ ಕಾಲು ಕಿಲೊ, ಅರ್ಧ ಕಿಲೊ ಒಯ್ಯುವ ಅಂಗಡಿಯಲ್ಲಿ ತಟ್ಟೆಗಳು ಬೇಗ ಬೇಗ ಖಾಲಿಯಾಗುತ್ತವೆ, ಹೊಸದು ಬರುತ್ತದೆ. ಇಂದು ಮಾಡಿದ್ದು ಯಾವುದು ಎಂದು ಕೇಳಿ. ನಿಮ್ಮಲ್ಲಿಯೇ ಮಾಡುತ್ತೀರಾ, ಬೇರೆ ಕಡೆಯಿಂದ ತರಿಸುತ್ತೀರಾ ಎಂದೂ ಕೇಳಿ. ತಾವೇ ಮಾಡುವವರು ಈ ಪ್ರಶ್ನೆಗೆ ಬೇಸರಿಸುವುದಿಲ್ಲ, ಬದಲಿಗೆ ಎಷ್ಟು ದಿನ ಇಡಬಹುದೆಂಬುದನ್ನೂ ತಾವಾಗಿಯೇ ಹೇಳುತ್ತಾರೆ.

2020ರ ಅಕ್ಟೋಬರ್ 1ರಿಂದ ಬಿಡಿಯಾಗಿ ಮಾರುವ ಸಿಹಿಯ ತಟ್ಟೆಯ ಮುಂದೆ, ಯಾವ ದಿನದೊಳಗೆ ತಿನ್ನಬೇಕೆಂಬುದನ್ನು ಬರೆದಿಡಬೇಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರ ಆದೇಶಿಸಿತ್ತು. ಆ ಸಂದರ್ಭದಲ್ಲಿ ಅದು ಕೊಟ್ಟ ಮಾರ್ಗಸೂಚಿ ಪ್ರಯಾಣಿಕರಿಗೆ ಇಂದಿಗೂ ಉಪಯುಕ್ತ. ಕಲಾಕಂದವನ್ನು ಮಾಡಿದ ದಿನವೇ ತಿನ್ನಬೇಕು. ರಸಗುಲ್ಲಾದಂಥ ಹಾಲಿನ ಸಿಹಿಗಳಿಗೆ 2 ದಿನ, ಖೋವಾದ ಸಿಹಿ ಮತ್ತು ಲಾಡುಗಳಿಗೆ 4 ದಿನ, ತುಪ್ಪ ಮತ್ತು ಒಣಹಣ್ಣುಗಳ ಸಿಹಿಗೆ 7 ದಿನ, ಬೇಸನ್ ಲಾಡಿನಂಥ ಹುರಿದ ಹಿಟ್ಟಿನ ಉಂಡೆಗಳಿಗೆ 30 ದಿನ. ಗಮನಿಸಿ ನೋಡಿದರೆ ಈ ಪಟ್ಟಿ ನೀರು ಕಡಿಮೆಯಾಗುತ್ತಾ ಹೋಗುವ ಕ್ರಮದಲ್ಲಿಯೇ ಇದೆ. ಚೀಟಿ ಇರಲಿ, ಇಲ್ಲದಿರಲಿ, ಈ ನಾಲ್ಕೈದು ಅಂಕಿಗಳು ನೆನಪಿದ್ದರೆ ನೀವು ಮೋಸಹೋಗುವುದಿಲ್ಲ.

ತೂಕದ ವಿಚಾರದಲ್ಲಿ ಸ್ವಲ್ಪ ನಿಷ್ಠುರವಾಗಿಯೇ ಇರಬೇಕು. ದಪ್ಪ ರಟ್ಟಿನ ಡಬ್ಬಿಯನ್ನು ತಕ್ಕಡಿಯ ಮೇಲಿಟ್ಟು ಅದರ ಸಮೇತ ಸಿಹಿ ತೂಗುವ ಅಂಗಡಿಗಳು ಎಲ್ಲ ಊರುಗಳಲ್ಲೂ ಇವೆ. ಕಾನೂನಿನ ಪ್ರಕಾರ ಗಿರಾಕಿಗೆ ಸಲ್ಲಬೇಕಾದದ್ದು ಡಬ್ಬಿಯನ್ನು ಬಿಟ್ಟ ನಿವ್ವಳ ತೂಕ. ಡಬ್ಬಿ ಇಟ್ಟು ತಕ್ಕಡಿಯನ್ನು ಸೊನ್ನೆಗೆ ತಂದು ಆಮೇಲೆ ತೂಗಿರೆಂದು ಹೇಳುವುದರಲ್ಲಿ ಯಾವ ಸಣ್ಣತನವೂ ಇಲ್ಲ. ಹಾಗೆಯೇ ಖಾರಾ, ಭಜಿ, ಜಿಲೇಬಿಗಳನ್ನು ವೃತ್ತಪತ್ರಿಕೆಯಲ್ಲಿ ಕಟ್ಟಿಸಿಕೊಳ್ಳಬೇಡಿ. ಅಚ್ಚಿನ ಶಾಯಿ ಎಣ್ಣೆಯ ಜೊತೆ ತಿನಿಸಿಗೆ ಇಳಿಯುತ್ತದೆಂದು ಪ್ರಾಧಿಕಾರ ಹಲವು ಬಾರಿ ಎಚ್ಚರಿಸಿದೆ. ಜಾತ್ರೆಗಳಲ್ಲಿ ಮಕ್ಕಳು ಬಯಸುವ ಕಡುಗುಲಾಬಿ ಬಣ್ಣದ ತಿನಿಸುಗಳ ಬಗ್ಗೆ ತಂದೆತಾಯಂದಿರು ಎಚ್ಚರದಿಂದಿರಬೇಕು. ಬಾಂಬೆ ಮಿಠಾಯಿಯಲ್ಲಿ ರೋಡಮೈನ್ ಬಿ ಎಂಬ ಬಣ್ಣ ಸಿಕ್ಕಿದ್ದರಿಂದಲೇ 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬತ್ತಾಸು ಬೆಳ್ಳಗಿದ್ದರೇ ಚಂದ.

ಯಾರಿಗಾಗಿ ಕೊಳ್ಳುತ್ತೇವೆಂಬುದನ್ನೂ ನೆನೆಯಬೇಕು. ಹಲ್ಲಿಲ್ಲದ ಅಜ್ಜಿಗೆ ಕರದಂಟು ತಂದು ಕೊಟ್ಟರೆ ಅವರು ಅದನ್ನು ಕೈಯಲ್ಲಿ ಹಿಡಿದು ಮೊಮ್ಮಕ್ಕಳಿಗೆ ಹಂಚುತ್ತಾರೆ, ಅಷ್ಟೆ; ಅವರಿಗೆ ಒಂದು ಮೃದುವಾದ ಪೇಢೆ ಬೇರೆ ತರಬೇಕಿತ್ತು. ಸಕ್ಕರೆ ಕಾಯಿಲೆಯ ಹಿರಿಯರಿರುವ ಮನೆಗೆ ಸಿಹಿಯೇ ಆಗಬೇಕೆಂದಿಲ್ಲ, ಸೊಲ್ಲಾಪುರದ ಶೇಂಗಾ ಚಟ್ನಿಯೂ ಅಷ್ಟೇ ಮಾನದ ಉಡುಗೊರೆ. ಒಂದೇ ಸಿಹಿಯನ್ನು ಎರಡು ಕಿಲೊ ತರುವ ಬದಲು, ಕಾಲು ಕಿಲೊದಂತೆ ಬೇರೆ ಬೇರೆ ತಂದು ಬಂದ ದಿನವೇ ಹಂಚಿದರೆ ತಿಂದವರಿಗೂ ತಂದವರಿಗೂ ತೃಪ್ತಿ.

ಇಷ್ಟು ಹೊತ್ತು ಹೊರಗಿನಿಂದ ತರುವುದರ ಮಾತಾಯಿತು. ನಮ್ಮಲ್ಲಿಗೆ ಬಂದವರ ಕೈಗೆ ನಾವೇನು ಕೊಟ್ಟು ಕಳಿಸುತ್ತೇವೆ? ಗಾಣಗಾಪುರದ ದತ್ತಾತ್ರೇಯನ ದರ್ಶನಕ್ಕೆ, ಖ್ವಾಜಾ ಬಂದೇನವಾಜರ ಉರುಸಿಗೆ, ಬೀದರಿನ ನಾನಕ್ ಝಿರಾಕ್ಕೆ ದೇಶದ ನಾನಾ ಭಾಗಗಳಿಂದ ಜನ ಬರುತ್ತಾರೆ. 2017ರಲ್ಲಿ ಕಲಬುರಗಿ–ಬೀದರ್ ರೈಲು ಮಾರ್ಗ ಆರಂಭವಾಯಿತು, 2024ರ ಮಾರ್ಚ್‌ನಿಂದ ವಂದೇ ಭಾರತ್ ರೈಲು ಹಗಲು ಕಳೆಯುವುದರೊಳಗೆ ಬೆಂಗಳೂರು ಮುಟ್ಟಿಸುತ್ತಿದೆ. ಹೀಗಿದ್ದರೂ ಬಂದವರಲ್ಲಿ ಅನೇಕರು ಬಿದರಿಯ ಹೂದಾನಿ ಒಯ್ಯುತ್ತಾರೆಯೇ ಹೊರತು, ಬಾಯಿಗೆ ಹಾಕಿಕೊಳ್ಳುವ ಯಾವುದನ್ನೂ ಒಯ್ಯುವುದಿಲ್ಲವೆಂಬುದು ನನ್ನ ಕೊರಗು. ಒಯ್ಯಲು ತಕ್ಕುದು ನಮ್ಮಲ್ಲಿ ಇಲ್ಲದೆಯೇ? ಪ್ರಯಾಣಕ್ಕೆಂದೇ ಹುಟ್ಟಿದ ತಿನಿಸು ಯಾವುದೆಂದು ಕೇಳಿದರೆ ನಾನು ಮೊದಲು ತೋರಿಸುವುದು ನಮ್ಮ ಕಡಕ್ ರೊಟ್ಟಿಯನ್ನು. ಬಿಳಿಜೋಳದ ಹಿಟ್ಟನ್ನು ಬಿಸಿನೀರಿನಲ್ಲಿ ನಾದಿ, ತೆಳ್ಳಗೆ ಬಡಿದು, ಹಂಚಿನ ಮೇಲೆ ಎರಡೂ ಕಡೆ ಬೇಯಿಸಿದ ಮೇಲೆ ಅದನ್ನು ಒಲೆಯ ಬದಿಗೆ ಆನಿಸಿ ನಿಲ್ಲಿಸುತ್ತಾರೆ. ಉಳಿದ ರೊಟ್ಟಿಗಳು ಬೇಯುವ ಕಾವಿಗೇ ಅದು ಒಣಗುತ್ತದೆ. ಸರಿಯಾಗಿ ಒಣಗಿದ ರೊಟ್ಟಿಯನ್ನು ಉಗುರಿನಿಂದ ತಟ್ಟಿದರೆ ಎಲ್ಲ ಕಡೆಯೂ ಒಂದೇ ಸದ್ದು ಬರಬೇಕು. ನಡುವೆ ಎಲ್ಲಿಯಾದರೂ ಸದ್ದು ಮಂದವಾದರೆ ಅಲ್ಲಿ ತೇವ ಉಳಿದಿದೆ, ಬೂಸ್ಟು ಮೊದಲು ಅಲ್ಲಿಯೇ ಹಿಡಿಯುತ್ತದೆ. ಚೆನ್ನಾಗಿ ಒಣಗಿದ್ದು ತಿಂಗಳು ಇಟ್ಟರೂ ಇರುತ್ತದೆ. ಜಿಲ್ಲಾಡಳಿತದ ನೆರವಿನಿಂದ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಇದನ್ನು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರುತ್ತಿರುವುದು ಅತ್ಯಂತ ಸಂತೋಷದ ಸಂಗತಿ. ಒಯ್ಯುವವರು ರೊಟ್ಟಿಯನ್ನು ನಿಲ್ಲಿಸದೆ, ಮಟ್ಟಸವಾಗಿ ಒಂದರ ಮೇಲೊಂದು ಇಟ್ಟು, ಮೇಲೆ ಕೆಳಗೆ ರಟ್ಟು ಕೊಟ್ಟು ಬಟ್ಟೆಯಲ್ಲಿ ಬಿಗಿದರೆ ಮುರಿಯುವುದು ಕಡಿಮೆ.

ರೊಟ್ಟಿಯ ಜೊತೆಗೆ ಹಿಂಡಿ ಬೇಕೇ ಬೇಕು. ಹುರಿದ ಶೇಂಗಾ, ಒಣಖಾರ, ಬಳ್ಳೊಳ್ಳಿ, ಜೀರಿಗೆ, ಉಪ್ಪು ಹಾಕಿ ಕುಟ್ಟಿದ ಶೇಂಗಾ ಹಿಂಡಿ, ನೀರು ಸೋಕದಿದ್ದರೆ ವಾರಗಟ್ಟಲೆ ಇರುತ್ತದೆ. ಅಗಸಿ ಹಿಂಡಿಯ ರುಚಿ ಇನ್ನೂ ಮಿಗಿಲು, ಆದರೆ ಅಗಸಿಯ ಎಣ್ಣೆ ಬೇಗ ಕಮಟಾಗುವ ಜಾತಿಯದು. ಅದನ್ನು ಸ್ವಲ್ಪವೇ ಕೊಂಡು ಬೇಗ ಮುಗಿಸಬೇಕು. 2019ರಲ್ಲಿ ಭೌಗೋಳಿಕ ಸೂಚಕ ಪಡೆದ ನಮ್ಮ ತೊಗರಿಯ ಬೇಳೆ ಒಂದು ಕಿಲೊ ಜೊತೆಗಿದ್ದರೆ, ಬಂದವರು ತಮ್ಮ ಊರಿನ ಅಡುಗೆಯಲ್ಲಿಯೂ ಕಲಬುರಗಿಯ ರುಚಿ ಕಾಣುತ್ತಾರೆ. ನಮ್ಮ ಅಂಗಡಿಯ ಅಣ್ಣಂದಿರಲ್ಲಿ, ಸಂಘದ ಅಕ್ಕಂದಿರಲ್ಲಿ ನನ್ನ ಕಳಕಳಿಯ ವಿನಂತಿ ಏನೆಂದರೆ, ಪ್ರತಿ ಪೊಟ್ಟಣದ ಮೇಲೆ ಮಾಡಿದ ದಿನಾಂಕವನ್ನೂ ಎಷ್ಟು ದಿನ ಇಡಬಹುದೆಂಬುದನ್ನೂ ಕನ್ನಡದ ಜೊತೆ ಮರಾಠಿ, ತೆಲುಗು, ಹಿಂದಿಗಳಲ್ಲಿಯೂ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ. ಬರುವ ಯಾತ್ರಿಕರಲ್ಲಿ ಅನೇಕರು ಆ ಭಾಷೆಗಳವರೇ.

ಮಾಲಪುರಿಯ ಮಾತನ್ನು ಕೊನೆಗೆ ಉಳಿಸಿಕೊಂಡಿದ್ದೆ. ಮೈದಾ ಮತ್ತು ಖೋವಾದಿಂದ ಮಾಡುವ ಈ ಸಿಹಿ ಕಲಬುರಗಿಯ ಹೆಮ್ಮೆ, ಹೊರಗಿನವರು ಹೆಸರು ಕೇಳಿಕೊಂಡು ಬಂದು ಕೊಳ್ಳುತ್ತಾರೆ. ಖೋವಾ ಇರುವುದರಿಂದ ಇದನ್ನು ರೊಟ್ಟಿ, ಹಿಂಡಿಗಳಂತೆ ಮೊದಲೇ ಕಟ್ಟಿಸಿಡಲು ಬರುವುದಿಲ್ಲ. ಅತಿಥಿಗಳನ್ನು ರೈಲಿಗೆ ಬಿಡಲು ಹೋಗುವವರು ಅದೇ ದಿನ ಕೊಂಡು, ಬಿಸಿಯಿದ್ದರೆ ಪೂರ್ತಿ ಆರುವವರೆಗೆ ಡಬ್ಬಿಯ ಮುಚ್ಚಳ ತೆರೆದಿಟ್ಟು, ಆಮೇಲೆ ಮುಚ್ಚಿ ಕೊಡಬೇಕು; ಇಲ್ಲವಾದರೆ ಒಳಗಿನ ಹಬೆ ಹನಿಯಾಗಿ ಮತ್ತೆ ಸಿಹಿಯ ಮೇಲೆಯೇ ಬೀಳುತ್ತದೆ. ಮರುದಿನ ಸಂಜೆಯೊಳಗೆ ಮುಗಿಸಿರೆಂದು ಬಾಯಿಬಿಟ್ಟು ಹೇಳಿ ಕಳಿಸಿ. ಬೇಸಿಗೆಯಲ್ಲಾದರೆ ಮನೆಗೆ ಕರೆದು, ತಟ್ಟೆಯಲ್ಲಿಟ್ಟು ಇಲ್ಲಿಯೇ ತಿನ್ನಿಸಿ, ಪ್ರಯಾಣಕ್ಕೆ ಶೇಂಗಾ ಹೋಳಿಗೆ ಕಟ್ಟಿಕೊಡಿ.